ಮೂರನೆಯ ಸಾಲಿನ ಉಸಿರು

ನನಗೊಂದು ಚಟವಿದೆ. ಎದೆ ಡವಡವ ಹೊಡೆದುಕೊಳ್ಳತೊಡಗಿತೆಂದರೆ ಹಾಡುತ್ತೇನೆ. ಹಾಡುತ್ತೇನೆ ಅನ್ನುವುದು ದೊಡ್ಡ ಮಾತಾಯಿತು, ಗುನುಗುತ್ತೇನೆ ಅನ್ನಿ. ನನ್ನ ದನಿಯ ವಿಷಯದಲ್ಲಿ ಜಮಖಂಡಿಯಲ್ಲಿ ಎರಡು ಅಭಿಪ್ರಾಯಗಳಿಲ್ಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಮೂವತ್ತು ವರ್ಷ ಅಕ್ಕೋರಾಗಿದ್ದವಳು ನಾನು. ಪ್ರಾರ್ಥನೆಯ ಹೊತ್ತಿಗೆ ನಾನು ಬಾಯಿ ತೆರೆಯುವ ಮೊದಲೇ ದೊಡ್ಡ ಅಕ್ಕೋರು, "ಗಂಗಾಬಾಯಿ, ಹುಡಿಗ್ಯಾರ ಸಾಲು ನೆಟ್ಟಗ ಅದಾವೋ ಇಲ್ಲೋ ಒಂಚೂರು ಹಿಂದ ಹೋಗಿ ನೋಡ್ರಿ" ಎಂದು ನನ್ನನ್ನು ದೂರ ಅಟ್ಟುತ್ತಿದ್ದರು. ಸಾಲು ನೆಟ್ಟಗೇ ಇರುತ್ತಿತ್ತು.

ಮೊನ್ನೆ ಹಲ್ಲು ಕೀಳಿಸಲು ಹೋಗಿದ್ದೆ. ಕುರ್ಚಿಯಲ್ಲಿ ಒರಗಿಸಿ, ದೀಪ ಹಚ್ಚಿ, ಡಾಕ್ಟರು ಅತ್ತ ತಿರುಗಿ ಇಕ್ಕಳ ತಡಕಾಡುತ್ತಿದ್ದರು. ಆ ಇಕ್ಕಳದ ಸದ್ದಿಗೆ ನನ್ನ ಬಾಯಿ ತಾನಾಗಿ ಶುರುವಾಯಿತು:

ಬೆಳಗಾತು ತಾಯಿ ಬಾಗಿಲ ತೆರಿಯ,
ನಿನ್ನ ಮನಿಯಾಗ ನಾವು ಪರದೇಶಿ;
ಕೈಯಾನ ಕೋಳ ಕರಗಲಿ ತಾಯಿ,
ನಿನ್ನ ಹೆಸರೊಂದ ನಮ್ಮ ಬಾಯಾಗ.

ಡಾಕ್ಟರು ಹುಡುಗ ವಯಸ್ಸಿನವರು. ನಕ್ಕು, "ಅಜ್ಜೀ, ಹಲ್ಲಷ್ಟ ಕೀಳತೇನ್ರಿ, ಜೇಲಿಗಿ ಹಾಕೂದಿಲ್ಲ" ಅಂದರು. ಆಮೇಲೆ, "ಅಲ್ರೀ, ನಡುವ ಆ 'ಸ್ಸ್' ಅಂತ ಎಳಕೊಂಡ್ರಲ್ಲ, ಅದೇನದು? ಹಲ್ಲ ಜುಮ್ ಅಂತೇನು?" ಎಂದು ಕೇಳಿದರು. ಹಲ್ಲು ಜುಮ್ ಅಂದಿರಲಿಲ್ಲ. ಹೇಳೋಣವೆಂದರೆ ಅಷ್ಟರಲ್ಲಿ ಬಾಯಿ ತುಂಬ ಹತ್ತಿ ತುರುಕಿದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನನ್ನ ತವರು ಬನಹಟ್ಟಿಯ ನೇಕಾರರ ಓಣಿ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಹೋಗಿಬಿಟ್ಟಿದ್ದ. ಮನೆಯಲ್ಲಿ ಅವ್ವ, ಅಣ್ಣ ಚನ್ನಬಸು, ನಾನು, ಒಂದು ಕುಣಿಮಗ್ಗ. ಅಣ್ಣ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ನಾನೂ ಅವ್ವನೂ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಲಾಳಿಯೊಳಗಿನ ಕಂಡಿಕೆ ಮುಗಿದಾಗ ನೇಕಾರ ಹೊಸದನ್ನು ಹಾಕಿ, ಲಾಳಿಯ ಸಣ್ಣ ತೂತಿಗೆ ಬಾಯಿ ಹಚ್ಚಿ, ನೂಲಿನ ತುದಿಯನ್ನು ಉಸಿರಿನಿಂದ 'ಸ್ಸ್' ಎಂದು ಹೊರಗೆಳೆಯಬೇಕು. ಅಣ್ಣ ಹಾಡು ಕಲಿತದ್ದೆಲ್ಲ ಮಗ್ಗದ ಮೇಲೆಯೇ. ಈ ಹಾಡನ್ನು ಯಾರೋ ಸಾಲೆಯ ಮಾಸ್ತರರು ಕಟ್ಟಿದ್ದಂತೆ, ಕೈಯಿಂದ ಕೈಗೆ ಚೀಟಿಯಲ್ಲಿ ಬಂದಿತ್ತು. ಅಣ್ಣ ಅದನ್ನು ಬಾಯಿಪಾಠ ಮಾಡುವಾಗ ಸರಿಯಾಗಿ ಮೂರನೆಯ ಸಾಲಿಗೆ, 'ಕೋಳ' ಅಂದ ಕೂಡಲೇ, ಕಂಡಿಕೆ ಮುಗಿಯಿತೆಂದು ಕಾಣುತ್ತದೆ. ಅಲ್ಲಿ ಒಮ್ಮೆ ಉಸಿರೆಳೆದ. ಆಮೇಲೆ ಕೈಯಲ್ಲಿ ಲಾಳಿ ಇರಲಿ ಬಿಡಲಿ, ಜಾತ್ರೆಯಲ್ಲಿರಲಿ ಜಳಕದ ಮನೆಯಲ್ಲಿರಲಿ, 'ಕೈಯಾನ ಕೋಳ' ಅಂದು 'ಸ್ಸ್' ಎಂದು ಎಳೆದೇ ಮುಂದಿನ ಮಾತು. ನಾವು ನಕ್ಕರೆ, "ಹಾಡಿಗಿ ನೂಲು ಪೋಣಸಬೇಕಲ್ಲಬೇ" ಅನ್ನುತ್ತಿದ್ದ.

ನಲವತ್ತೆರಡರ ಚಳುವಳಿಯ ವರ್ಷ ಅದು. ಅತ್ತ ಯುದ್ಧ, ಇತ್ತ ಹಿಡಿದು ಒಳಗೆ ಹಾಕುವ ಗಲಾಟೆ. ನೂಲು ಸಿಗುತ್ತಿರಲಿಲ್ಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಿಗುತ್ತಿದ್ದುದು ಸುದ್ದಿ ಒಂದೇ. ಯಾರ ಬಾಯಲ್ಲಿ ಕೇಳಿದರೂ ಕೆಟ್ಟ ಸುದ್ದಿ. ಅಂಥ ಹೊತ್ತಿನಲ್ಲಿ ಓಣಿಯ ಜನ ಈ ಹಾಡನ್ನು ಹೇಗೆ ಹಿಡಿದುಕೊಂಡರೆಂದರೆ, ಬೀಸುವ ಕಲ್ಲಿಗೂ ಅದೇ, ಮಗ್ಗಕ್ಕೂ ಅದೇ. ಎದುರು ಮನೆಯ ಬಾಳವ್ವ ಕೂಸು ಮಲಗಿಸಲಿಕ್ಕೂ ಅದನ್ನೇ ಹಾಡುತ್ತಿದ್ದಳು. ಕೋಳ, ಪರದೇಶಿ ಅಂತ ಕೇಳಿ ಕೂಸು ಹಾಯಾಗಿ ನಿದ್ದೆ ಮಾಡುತ್ತಿತ್ತು. ಒಮ್ಮೆ ಜಕಾತಿ ನಾಕೆಯ ಸಿಪಾಯಿ ನನ್ನ ಗಂಟು ಬಿಚ್ಚಿ ನೋಡುತ್ತ ತನ್ನಷ್ಟಕ್ಕೆ ತಾನು ಅದನ್ನೇ ಗುನುಗುತ್ತಿದ್ದ. ನಾನು ಮುಖ ನೋಡಿದ ಕೂಡಲೇ ಕೆಮ್ಮಿ, "ಹೂಂ, ನಡಿ ನಡಿ" ಅಂದ. ಪಾಪ, ಅವನಿಗೂ ಮನೆಯಲ್ಲಿ ಏನು ಚಿಂತೆಯಿತ್ತೋ.

ಗಡಿಯ ಸುಂಕದ ನಾಕೆ ಅಂದೆನಲ್ಲ, ಅದನ್ನೂ ಹೇಳಬೇಕು. ಬನಹಟ್ಟಿ ಒಬ್ಬ ರಾಜರದು, ಪಕ್ಕದ ರಬಕವಿ ಇನ್ನೊಬ್ಬ ರಾಜರದು. ನಮ್ಮ ಓಣಿ ಊರಿನ ಕೊನೆಗೆ, ಓಣಿಯ ಕೊನೆಗೆ ಒಂದು ಹಳ್ಳ, ಹಳ್ಳದ ಆಚೆ ದಂಡೆ ಪರರಾಜ್ಯ. ನಮ್ಮ ಎಮ್ಮೆ ಮುಂಜಾನೆ ಒಬ್ಬ ರಾಜರ ಹುಲ್ಲು ತಿಂದು ಸಂಜೆಗೆ ಇನ್ನೊಬ್ಬ ರಾಜರ ನೆಲಕ್ಕೆ ಸೆಗಣಿ ಹಾಕುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ನಮ್ಮ ಕಡೆ ಪೊಲೀಸರ ಪಟ್ಟಿಗೆ ಹೆಸರು ಬಿದ್ದವನು ಹಳ್ಳ ದಾಟಿದರೆ ನಮ್ಮ ಫೌಜದಾರ ಈ ದಂಡೆಯಲ್ಲಿ ನಿಂತು ಹಲ್ಲು ಕಡಿಯಬೇಕು. ಆಚೆಯವರಿಗೆ ಕಾಗದ ಬರೆದು, ಅವರು ಓದಿ, ಅವರು ಹೂಂ ಅಂದಮೇಲೆ ಮುಂದಿನ ಮಾತು.

ತಾರಿನ ತಂತಿ ಕಡಿದವರ ಗುಂಪಿನಲ್ಲಿ ಅಣ್ಣನ ಹೆಸರು ಬಿತ್ತು. ಅಂದೇ ಅವನು ಹಳ್ಳ ದಾಟಿದ. ನಮ್ಮ ಊರಲ್ಲಿ, ನಸುಕಿನಲ್ಲಿ ಹಾಡುತ್ತ ಓಣಿ ಸುತ್ತುವ ಪ್ರಭಾತಫೇರಿ ಆಗಲೇ ನಿಂತಿತ್ತು, ಹಾಡುವವರೆಲ್ಲ ಒಳಗಿದ್ದರು. ರಬಕವಿಯಲ್ಲಿ ಮಾತ್ರ ಇನ್ನೂ ನಡೆದಿತ್ತು. ಅವರ ಫೇರಿ ಬೆಳಗಿನ ಜಾವ ಹೊರಟು ಹಳ್ಳದ ಆಚೆ ದಂಡೆಯವರೆಗೆ ಬಂದು ಹಿಂದಿರುಗುತ್ತಿತ್ತು. ಅಣ್ಣ ಅದರಲ್ಲಿ ಸೇರಿಕೊಂಡ. ಒಂದೊಂದು ಸಾಲನ್ನೂ ಮೊದಲು ಅವನು ಒಬ್ಬನೇ ಹಾಡುವುದು, ಉಳಿದವರು ಹಿಂದೆ ಹೇಳುವುದು.

ಅವ್ವ ಹಿತ್ತಲ ಬಾಗಿಲಲ್ಲಿ ಸೆರಗು ಕಿವಿಯ ಹಿಂದೆ ಸರಿಸಿ ನಿಲ್ಲುತ್ತಿದ್ದಳು. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ. ದೂರದಿಂದ ಹಾಡು ಬರುತ್ತಿತ್ತು. ಬೆಳಗಾತು ತಾಯಿ, ಪರದೇಶಿ, ಕೈಯಾನ ಕೋಳ... ಅಲ್ಲಿ ಒಂದು ತಡೆ. ಆ ತಡೆ ಬಂದಮೇಲೆಯೇ ಅವ್ವ ಉಸಿರು ಬಿಡುತ್ತಿದ್ದಳು. "ಅದಾನ ಬೇ" ಅನ್ನುತ್ತಿದ್ದಳು, ಅಷ್ಟೇ. ಇಡೀ ದೇಶಕ್ಕೆ ಅದು ದೇಶಭಕ್ತಿಯ ಹಾಡು; ಅವ್ವನಿಗೆ ಅದು ಮಗ ಇನ್ನೂ ಹೊರಗಿದ್ದಾನೆ, ಜೀವಂತ ಇದ್ದಾನೆ ಎಂಬ ಕಾಗದ.

ಅಂಥ ದಿನಗಳಲ್ಲಿ ಮನುಷ್ಯ ಏನೇನು ನಂಬುತ್ತಾನೆ ಗೊತ್ತೇ? ಅಣ್ಣನನ್ನು ಹಿಡಿಯಲು ಮುಧೋಳದ ನಾಯಿ ತರಿಸುತ್ತಾರೆಂದು ಯಾರೋ ಗಾಳಿಸುದ್ದಿ ಬಿಟ್ಟರು. ವಾಸನೆ ಸಿಗಬಾರದೆಂದು ಅವ್ವ ಅಣ್ಣನ ಧೋತರವನ್ನು ಮೂರು ಸಲ ಒಗೆದು ಬೂದಿ ಹಚ್ಚಿ ಇಟ್ಟಳು. "ಯಕ್ಕಾ, ಮುಧೋಳ ನಾಯಿ ಕಣ್ಣಿಲೆ ಬೇಟಿ ಆಡ್ತದ, ಮೂಗಿಲೆ ಅಲ್ಲ" ಎಂದು ಬಾಳವ್ವ ಸಮಾಧಾನ ಹೇಳಿದಳು. ಅವ್ವನಿಗೆ ಇನ್ನಷ್ಟು ದಿಗಿಲಾಯಿತು. "ಕಣ್ಣ ಚುರುಕಿದ್ರ ಹಳ್ಳದ ಆಚೀನೂ ಕಾಣತದಲ್ಲ!"

ಒಂದು ದಿನ ಫೇರಿ ಬಂತು, ಅಣ್ಣನ ದನಿ ಬರಲಿಲ್ಲ. ಬೇರೆ ಯಾರೋ ಹಾಡಿದರು, ತಡೆಯಿಲ್ಲದೆ ಸಲೀಸಾಗಿ. ಮರುದಿನವೂ ಹಾಗೇ. ಅವ್ವ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಬಾಳವ್ವನ ಮನೆಯ ರೊಟ್ಟಿ ತಂದು ಬಾಯಿಗೆ ಹಿಡಿದರೆ ಮುಖ ತಿರುಗಿಸಿದಳು. ನನಗೆ ಆಗ ಹದಿಮೂರು ವರ್ಷ. ನೂಲು ತರುವ ನೆಪ ಹೇಳಿ ನಾನೇ ಹಳ್ಳ ದಾಟಿದೆ.

ರಬಕವಿಯಲ್ಲಿ ನಮಗೆ ನೂಲು ಕೊಡುತ್ತಿದ್ದುದು ಒಂದು ಜೈನರ ಅಂಗಡಿ. ಅಂಗಡಿಯಲ್ಲಿ ಮಗ ಜಿನ್ನಪ್ಪ ಕೂತಿರುತ್ತಿದ್ದ, ಅಣ್ಣನ ವಯಸ್ಸಿನವನು, ಫೇರಿಯವನೇ. ನನ್ನನ್ನು ಕಂಡದ್ದೇ ಒಳಗೆ ಕರೆದ. "ಚನ್ನಬಸೂಗ ಜ್ವರ ಬಂದೈತಿ, ತಂಗಿ. ವಿಷಮಜ್ವರ ಅಂತಾರ. ಗಾಡಿ ಮಾಡಿ ಬೀಳಗಿ ಕಡೆ ನಿಮ್ಮ ದೊಡ್ಡವ್ವನ ಹಳ್ಳಿಗಿ ಕಳಿಸೇವಿ. ನಿಮ್ಮವ್ವಗ ಹೇಳಬ್ಯಾಡ."

"ಯಾಕ?"

"ಹೇಳಿದ್ರ ಆಕಿ ಅಲ್ಲಿಗಿ ಓಡತಾಳ. ಆಕಿ ಬೆನ್ನ ಹಿಂದ ಪೊಲೀಸರು ಓಡತಾರ."

ಮಾತು ಖರೆ. ಆದರೆ ಹೇಳದಿದ್ದರೆ ಅವ್ವ ಉಪವಾಸ ಸಾಯುತ್ತಾಳೆ. ನಾನು ನೂಲಿನ ಮೂಟೆಗೆ ಒರಗಿ ಅತ್ತೆ. ಅಳುತ್ತಳುತ್ತ, "ನೀವಾದ್ರೂ ಅಣ್ಣನಂಗ ಹಾಡಬಾರದೇನ್ರಿ?" ಅಂದೆ. ಎಣಿಸಿ ಆಡಿದ ಮಾತಲ್ಲ ಅದು, ಬಾಯಿಗೆ ಬಂತು, ಆಡಿಬಿಟ್ಟೆ. ಜಿನ್ನಪ್ಪ, "ಹೆಂಗ ಹಾಡತಾನ, ಹೇಳಿಕೊಡು" ಅಂದ.

ಹೀಗೆ, ಊರೆಲ್ಲರಿಂದ ಬಾಯಿ ಮುಚ್ಚು ಅನ್ನಿಸಿಕೊಳ್ಳುತ್ತಿದ್ದ ನಾನು ಒಬ್ಬರಿಗೆ ಸಂಗೀತದ ಗುರುವಾದೆ. ಅಂಗಡಿಯ ಹಿಂದಿನ ಖೋಲಿಯಲ್ಲಿ ಅವನು ಮೊದಲು ತನ್ನ ರೀತಿಯಲ್ಲೇ ಹಾಡಿದ. ತಿಳಿ ದನಿ, ಒಂದೇ ಉಸಿರಿನಲ್ಲಿ ನಾಲ್ಕೂ ಸಾಲು. ನಾನು "ಹಂಗಲ್ಲರಿ, ಹಂಗಲ್ಲ" ಎಂದು ತಡೆದೆ. 'ಕೋಳ' ಆದಮೇಲೆ ಉಸಿರೆಳೆಯಬೇಕೆಂದರೆ ಬಿಸಿ ಹಾಲು ಕುಡಿದವನ ಹಾಗೆ ಸೊರ್ ಅನ್ನಿಸುತ್ತಾನೆ! ಅಂಗಡಿಕಾರರ ಮಗ, ನೂಲು ಮಾರಿದ್ದೇ ಹೊರತು ಮಗ್ಗಕ್ಕೆ ಕೂತವನಲ್ಲ. ಕೊನೆಗೆ ಮರುದಿನ ಮನೆಯಿಂದ ಲಾಳಿ ಒಯ್ದು ಅವನ ಬಾಯಿಗೆ ಹಿಡಿದೆ. "ನೂಲು ಬರೂತನಕ ಎಳೀರಿ. ಬಂದ ಮ್ಯಾಲ ಬಿಡ್ರಿ." ಇಪ್ಪತ್ತು ಸಲ ಎಳೆದು, ಬಾಯಿ ತುಂಬ ಹತ್ತಿಯ ಎಳೆ ಹೊಕ್ಕು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಇಪ್ಪತ್ತೊಂದನೆಯ ಸಲ ಸರಿಯಾಯಿತು. ಅಣ್ಣನೇ ಎದುರು ಕೂತ ಹಾಗೆ ಅನ್ನಿಸಿ ನನಗೆ ಒಂಥರಾ ಆಯಿತು.

ಮರುದಿನ ನಸುಕಿನಲ್ಲಿ ನಾನು ಅವ್ವನ ಪಕ್ಕ ನಿಂತೆ. ಅವ್ವನ ಕಿವಿ ಅಂದರೆ ಸಾಮಾನ್ಯವಲ್ಲ. ಲಾಳಿಯ ಸದ್ದು ಕೇಳಿ ಯಾರ ಮನೆಯ ಮಗ್ಗದಲ್ಲಿ ಎಳೆ ಹರಿಯಿತೆಂದು ಹೇಳುವವಳು. ಹಾಡು ಬಂತು. ಪರದೇಶಿ... ಕೈಯಾನ ಕೋಳ... ಸ್ಸ್. ಅವ್ವ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕುಸಿದು ಕೂತಳು. "ಅದಾನ ಬೇ, ಗಂಗೀ. ದನಿ ಒಡದೈತಿ, ನೆಗಡಿ ಆಗೇತಿ ಅಂತ ಕಾಣತದ. ಅದಕ್ಕ ಬಂದಿಲ್ಲ ನಾಕ ದಿನ." ಅಂದವಳೇ ಎದ್ದು ಒಲೆ ಹಚ್ಚಿದಳು. ನಾನು ಹಿತ್ತಲಿಗೆ ಹೋಗಿ ಎಮ್ಮೆಯ ಕೊರಳು ಹಿಡಿದು ಅತ್ತೆ. ಅವ್ವನಿಗೆ ಅನ್ನ ಸೇರಿತೆಂದು ಸಂತೋಷ, ಮೋಸ ಮಾಡಿದೆನೆಂದು ಹೆದರಿಕೆ. ಯಾವುದಕ್ಕೆ ಅತ್ತೆನೆಂದು ನನಗೆ ಈಗಲೂ ಗೊತ್ತಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಎರಡು ತಿಂಗಳೂ ನಾನು ನಿದ್ದೆಗೆಟ್ಟೆ. ಇಂದು ಜಿನ್ನಪ್ಪ ಮರೆತರೆ? ಅವನಿಗೆ ನಿಜವಾಗಿ ನೆಗಡಿಯಾದರೆ? ಅಣ್ಣನಿಗೆ ಅಲ್ಲಿ ಏನಾದರೂ ಆದರೆ? ಬೀಳಗಿ ಕಡೆಯಿಂದ ಗಾಡಿಯವರು ಜ್ವರ ಇಳಿಯಿತೆಂದು ಹೇಳಿಕಳಿಸಿದರು, ನಿಂತರೆ ಕಾಲು ನಡುಗುತ್ತವೆ ಅಂದರು. ಅವ್ವನಿಗೆ ಅದನ್ನೂ ಹೇಳುವಂತಿರಲಿಲ್ಲ. ಅವ್ವ ದಿನಾ ಮುಂಜಾನೆ ಜಿನ್ನಪ್ಪನ ದನಿಗೆ ಕೈಮುಗಿದು, ದಿನಾ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು.

ನಾನು ಹೆದರದೇ ಇದ್ದದ್ದು ಒಂದೇ ಒಂದು ವಿಷಯಕ್ಕೆ, ಅದೇ ಆಯಿತು. ಅವ್ವ ಆ ಉಸಿರಿನಿಂದ ಅಣ್ಣನನ್ನು ಗುರುತಿಸಿದರೆ ಪೊಲೀಸರೂ ಗುರುತಿಸಬಹುದೆಂದು ನನ್ನ ಹದಿಮೂರು ವರ್ಷದ ತಲೆಗೆ ಹೊಳೆದಿರಲಿಲ್ಲ. ಯಾರೋ ನಮ್ಮವರೇ ಚಾಡಿ ಹೇಳಿದರು: "ಮೂರನೇ ಸಾಲಿಗಿ ಉಸರ ಎಳಿಯಾವ ಯಾರ ಅದಾನಲ್ಲ, ಅಂವನ ಚನ್ನಬಸು." ಆಚೆಯ ರಾಜರಿಂದ ಒಪ್ಪಿಗೆಯ ಕಾಗದವೂ ಬಂದಿತ್ತು. ಒಂದು ಮುಂಜಾನೆ ನಮ್ಮ ಪೊಲೀಸರು ಹಳ್ಳ ದಾಟಿ ಕಾದು ಕೂತು, ಸರಿಯಾಗಿ 'ಸ್ಸ್' ಅಂದ ಕೂಡಲೇ ಹಾಡುವವನ ರಟ್ಟೆ ಹಿಡಿದರು. "ನೀನ ಚನ್ನಬಸು ಏನಲೇ?" ಅಂದರಂತೆ. ಜಿನ್ನಪ್ಪ "ಹೌದ್ರಿ" ಅಂದನಂತೆ. ಜಮಖಂಡಿಯ ಜೇಲಿಗೆ ಒಯ್ದರು.

ಹಾಡು ನಡುವೆ ನಿಂತದ್ದನ್ನು ಅವ್ವ ಹಿತ್ತಲಲ್ಲಿ ನಿಂತು ಕೇಳಿದಳು. ಬೂಟಿನ ಸದ್ದನ್ನೂ ಕೇಳಿದಳು. ಆಮೇಲೆ ಆಕೆ ಮಾಡಿದ ಆರ್ತನಾದವನ್ನು ನಾನು ಹೇಳಲಾರೆ. ನನಗೆ ತಡೆಯಲಾಗಲಿಲ್ಲ. ಬಾಗಿಲು ಮುಚ್ಚಿ, ಆಕೆಯ ಕಿವಿಯಲ್ಲಿ ಎಲ್ಲ ಹೇಳಿದೆ, ಜ್ವರ, ದೊಡ್ಡವ್ವನ ಹಳ್ಳಿ, ಲಾಳಿ, ಎಲ್ಲ. ಕಪಾಳಕ್ಕೆ ಒಂದು ಬಿತ್ತು. ಕಣ್ಣು ಕತ್ತಲೆ ಬಂತು. ಮರುಗಳಿಗೆಯಲ್ಲಿ ಅದೇ ಕೈಯಿಂದ ನನ್ನನ್ನು ಎದೆಗೆ ಅವುಚಿಕೊಂಡು ನಗತೊಡಗಿದಳು. "ನನ್ನ ಮಗಾ ಅಲ್ಲಲ್ಲಾ! ಯಲ್ಲಮ್ಮ ತಾಯಿ ಕಾದಳವ್ವಾ, ನನ್ನ ಮಗಾ ಅಲ್ಲಲ್ಲಾ!" ಅಂದೇ ದೇವರಿಗೆ ಕಾಯಿ ಒಡೆಸಿದಳು. ಯಾಕೆಂದು ಓಣಿಯವರಿಗೆ ತಿಳಿಯಲಿಲ್ಲ. ಮಗ ಹಿಡಿದುಹೋದ ದಿನ ಕಾಯಿ ಒಡೆಸಿದಳೆಂದರೆ ತಲೆ ಕೆಟ್ಟಿದೆ ಅಂದುಕೊಂಡರು. ನಾನೂ ಆ ಕೊಬ್ಬರಿ ತಿಂದೆ. ರುಚಿಯಾಗಿತ್ತು. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಮುಚ್ಚಂಜೆಗೆ ಒಬ್ಬ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಳು. ಜಿನ್ನಪ್ಪನ ತಾಯಿ ಪದ್ಮವ್ವ. ಅಂಗಡಿಯ ಒಳಬಾಗಿಲಲ್ಲಿ ನಾನು ಆಕೆಯನ್ನು ದೂರದಿಂದ ಕಂಡಿದ್ದೆ, ಅವ್ವನಿಗೆ ಪರಿಚಯವಿರಲಿಲ್ಲ. ನಾನು ಹೆಸರು ಹೇಳಿದಾಗ ಅವ್ವ ಗಾಬರಿಯಲ್ಲಿ ಕೈಯಲ್ಲಿದ್ದ ಕೊಬ್ಬರಿಯ ತಾಟನ್ನೇ ಮುಂದೆ ಚಾಚಿದಳು. "ಹೊತ್ತ ಮುಣಗೇತಿ, ಯಕ್ಕಾ. ಇನ್ನ ನಾವು ಏನೂ ಬಾಯಾಗ ಹಾಕೂದಿಲ್ಲ" ಎಂದು ಪದ್ಮವ್ವ ಮೆಲ್ಲಗೆ ಹೇಳಿ ಕಟ್ಟೆಯ ತುದಿಗೆ ಕೂತಳು. ಬೈಯುತ್ತಾಳೆ, ಬೈದರೆ ಬೈಯಲಿ ಎಂದು ನಾನು ಕಂಬಕ್ಕೆ ಒತ್ತಿ ನಿಂತಿದ್ದೆ. ಬೈಯಲಿಲ್ಲ.

"ಕಚೇರಿಗಿ ಹೋಗಿ, ಅಂವ ಚನ್ನಬಸು ಅಲ್ಲ, ನನ್ನ ಮಗಾ ಅಂತ ಒಂದ ಮಾತ ಹೇಳಿದ್ರ ಬಿಡತಾರ" ಅಂದಳು. "ಹೇಳಬ್ಯಾಡಬೇ ಅಂತ ಹೇಳಿಕಳಿಸ್ಯಾನ. ಚನ್ನಬಸು ಇನ್ನೂ ನಿಂದ್ರಾಕ ಬರಾಂಗಿಲ್ಲ ಅಂತ. ನಾ ಹೇಳೂದಿಲ್ಲ, ಯಕ್ಕಾ, ನೀವು ಹೆದರಬ್ಯಾಡ್ರಿ. ನಾ ಬಂದದ್ದು ಈ ಹುಡುಗಿ ಕಡೆ."

ನಾನು ಕಂಬ ಬಿಟ್ಟು ಮುಂದೆ ಬಂದೆ.

"ಎರಡ ತಿಂಗಳಾತು ತಂಗಿ, ಅಂವ ನಸುಕಿನ್ಯಾಗ ಎದ್ದ ಫೇರಿಗಿ ಹೋಗತಿದ್ದ. ನಾ ಬಾಗಲದಾಗ ನಿಂತು ಕೇಳತಿದ್ದೆ. ಎಲ್ಲಾರ ದನೀನೂ ಕೇಳತಿತ್ತು, ನನ್ನ ಮಗಂದು ಕೇಳತಿದ್ದಿಲ್ಲ. ಫೇರಿಗೆ ಅಂತ ಹೇಳಿ ಎಲ್ಲೆರ ಹೋಗಿ ಮಲಕೋತಾನ ಅಂತ ತಿಳದೆ. ಹಿಡದ ಹಿಂದಿನ ದಿನಾನೂ ಬೈದೇನಿ, 'ಯಾರ್ಯಾರೋ ಜೀವಾ ಕೊಡಾಕತ್ತಾರ, ನಿನ್ನ ಬಾಯಿಂದ ಒಂದ ಹಾಡ ಬರಾಂಗಿಲ್ಲೇನಲೇ' ಅಂತ. ಒಂದ ಮಾತ ಆಡಲಿಲ್ಲ ನನ್ನ ಕೂಸು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಫೇರಿಯವರು ಎಲ್ಲಾ ಹೇಳಿದ್ರು. ನಿನ್ನ ಮುಂದ ಮೊದಲನೇ ದಿನ ಅಂವ ತನ್ನ ದನಿಲೇನ ಹಾಡಿದ್ದ ಅಂತ. ಹೆಂಗ ಹಾಡಿದ್ದ? ಒಂದ ಸಲ ಹಾಡಿ ತೋರಸಬೇ."

ನಾನು ಹಾಡಲು ಹೋದೆ. ಬೆಳಗಾತು ತಾಯಿ, ಬಾಗಿಲ ತೆರಿಯ. ತಿಳಿ ದನಿ, ಒಂದೇ ಉಸಿರು, ಅದು ನನಗೆ ನೆನಪಿತ್ತು. ಕೈಯಾನ ಕೋಳ ಅಂದೆ. ನನ್ನ ಹಾಳು ಬಾಯಿ 'ಸ್ಸ್' ಎಂದು ಎಳೆಯಿತು. ಇನ್ನೊಮ್ಮೆ ಶುರು ಮಾಡಿದೆ, ಮತ್ತೆ ಎಳೆಯಿತು. ಮೂರನೆಯ ಸಲ ಹಲ್ಲು ಕಚ್ಚಿದೆ. ಆಗಲೂ ಬಂತು. ಅವನ ದನಿಯನ್ನು ಕೇಳಿದವಳು ನಾನೊಬ್ಬಳೇ, ಕೇಳುತ್ತಿದ್ದ ಹಾಗೇ ಅಳಿಸಿ ಹಾಕಿದವಳೂ ನಾನೇ. ಪದ್ಮವ್ವ ನನ್ನ ತಲೆ ಸವರಿ, "ಇರಲಿ ಬಿಡು. ಬಂದಾಗ ಅಂವನ ಹಾಡತಾನ" ಎಂದು ಎದ್ದು ಹಳ್ಳದ ಕಡೆ ಹೋದಳು.

ಅವ್ವ ತಾಟು ಹಿಡಿದೇ ನಿಂತಿದ್ದಳು. ಮುಂಜಾನೆ ನಾನು ಏಳುವ ಹೊತ್ತಿಗೆ ಆಕೆ ರೊಟ್ಟಿ ಗಂಟು ಕಟ್ಟಿ ಬೀಳಗಿಯ ಗಾಡಿ ಹತ್ತಿಯಾಗಿತ್ತು. ಈಗ ಬೆನ್ನ ಹಿಂದೆ ಬರಲು ಯಾವ ಪೊಲೀಸರೂ ಇರಲಿಲ್ಲ. ಅವರ ಲೆಕ್ಕದಲ್ಲಿ ಚನ್ನಬಸು ಸಿಕ್ಕಾಗಿತ್ತು. ನಾನು ಬಾಳವ್ವನ ಮನೆಯಲ್ಲಿ ಐದು ದಿನ ದಾರಿ ಕಾದೆ. ಆರನೆಯ ದಿನ ಅವ್ವ ಒಬ್ಬಳೇ ಬಂದಳು.

"ಅಣ್ಣ?"

"ಕಚೇರಿಗಿ ಬಿಟ್ಟ ಬಂದೆ."

"ಏನಂದ ಅಂವ?"

"ಏನಂತಾನ? ಸುದ್ದಿ ಕೇಳಿ ತಾನ ಟೊಪಗಿ ಹಾಕ್ಕೊಂಡ. ಕಾಲಾಗ ಇನ್ನೂ ಶಕ್ತಿಲ್ಲ. ಕೈ ಹಿಡಕೊಂಡ ಹೋದೆ, ಸಣ್ಣಾಂವ ಇದ್ದಾಗ ಸಾಲಿಗಿ ಬಿಟ್ಟ ಬಂದಂಗ ಬಿಟ್ಟ ಬಂದೆ." ಅಷ್ಟು ಹೇಳಿ ಅವ್ವ ಗೋಡೆಗೆ ಒರಗಿ ಕಾಲು ಚಾಚಿದಳು. ಹಿಮ್ಮಡಿಗಳು ಒಡೆದು ರಕ್ತ ಬಂದಿತ್ತು. ನಾನು ಬಿಸಿನೀರು ತಂದು ತೊಳೆದೆ.

ಅಣ್ಣನಿಗೆ ಒಂದೂವರೆ ವರ್ಷ ಜೇಲಾಯಿತು. ಜಿನ್ನಪ್ಪನನ್ನು ಬೈದು, ಎರಡು ಬಿಗಿದು, ಎಂಟು ದಿನ ಬಿಟ್ಟು ಹೊರಗೆ ಹಾಕಿದರು.

ಜಿನ್ನಪ್ಪ ಊರಿಗೆ ಬಂದ ಮರುದಿನ ನಸುಕಿನಲ್ಲಿ ಅವ್ವ ಹಿತ್ತಲ ಬಾಗಿಲಿಗೆ ಹೋಗುವುದನ್ನು ಕಂಡು ನನಗೆ ದಿಗಿಲಾಯಿತು. ಮರೆತಳೋ ಏನೋ, ಮಗನ ದನಿ ಬರುತ್ತದೆಂದು ಕಾಯುತ್ತಾಳೋ ಏನೋ ಎಂದು ಓಡಿ ಪಕ್ಕ ನಿಂತೆ. ಹಳ್ಳದ ಆಚೆಯಿಂದ ಹಾಡು ಬಂತು. ಬಾಗಿಲ ತೆರಿಯ, ಪರದೇಶಿ. ಕೈಯಾನ ಕೋಳ ಕರಗಲಿ ತಾಯಿ... ಎಲ್ಲೂ ತಡೆಯಲಿಲ್ಲ, ನೀರು ಹರಿದ ಹಾಗೆ ನಾಲ್ಕೂ ಸಾಲು ಹೋದವು. ಆಚೆ ಊರಿನಲ್ಲಿ ಒಬ್ಬ ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿರಬೇಕು ಅಂದುಕೊಂಡೆ. ಫೇರಿ ಹಿಂದಿರುಗಿ, ದನಿ ಸಣ್ಣದಾಗಿ, ಪೂರ್ತಿ ಕೇಳಿಸದೇ ಹೋಗುವವರೆಗೂ ಅವ್ವ ಕದಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಆಕಿ ಮಗಾ ನಮ್ಮಂವನಕಿಂತ ಛಲೋ ಹಾಡತಾನ ನೋಡಬೇ" ಅಂದಳು.